ಗುನುಗಬಾರದು ಅನ್ನೋ ನಿಯಮ

ಪಿಯಾನೊಗೆ ಶ್ರುತಿ ಕೂಡಿಸುವವನು ವರ್ಷಕ್ಕೆರಡು ಸಲ ಬರುತ್ತಾನೆ, ಬಂದಾಗಲೆಲ್ಲ ನನ್ನನ್ನು ಬೈಯುತ್ತಾನೆ. ಈ ಸಲ ಬೈಯಲಿಲ್ಲ. ಪಿಯಾನೊದ ಹೊಟ್ಟೆಯಿಂದ ತಲೆ ಹೊರತೆಗೆದು ಮೆಲ್ಲಗೆ ಕೇಳಿದ.

"ಅಮ್ಮಾ, ಬಲತುದಿ ಕಡೆ ಮೂರು ಕೀಗಳಲ್ಲಿ ತಂತಿಗೆ ಬಡಿಯೋ ಸುತ್ತಿಗೆ ಮುರಿದಿದೆ. ತಿಂಗಳುಗಟ್ಟಲೆ ಆಗಿರ್ಬೇಕು. ಹೇಳಿ ಕಳಿಸಬಾರದಿತ್ತಾ?"

"ನುಡೀತಿದೆಯಲ್ಲಪ್ಪಾ," ಅಂದೆ.

ಅವನು ಮುರಿದವುಗಳಲ್ಲಿ ಒಂದನ್ನು ಒತ್ತಿದ. ಬೆರಳು ಇಳಿದದ್ದು ಕಂಡಿತು, ಸ್ವರವೂ ಕೇಳಿಸಿತು. ನನ್ನನ್ನು ಗೋಡೆ ಕಡೆ ತಿರುಗಿಸಿ ಕೂರಿಸಿದ, ಅಲ್ಲಿನ ಕೀಗಳನ್ನು ಒಂದೊಂದಾಗಿ ಒತ್ತುತ್ತೀನಿ, ಕೇಳಿಸಿದಾಗ ಕೈ ಎತ್ತಿ ಅಂದ. ಎಷ್ಟು ಹೊತ್ತಾದರೂ ನನ್ನ ಕೈ ತೊಡೆಯ ಮೇಲೇ ಇತ್ತು. ಮುರಿದ ಮೂರಷ್ಟೇ ಅಲ್ಲ, ಅವುಗಳ ಸುತ್ತಮುತ್ತಲಿನ ಡಜನ್ ಕೀಗಳೂ ನನ್ನ ಪಾಲಿಗೆ ಸತ್ತಿದ್ದವು. ಇಷ್ಟು ದಿನ ನೆನಪಿನಿಂದ ಕೇಳುತ್ತಿದ್ದೆ, ಅಷ್ಟೇ.

ಮೂವತ್ನಾಲ್ಕು ವರ್ಷದಿಂದ ದಡ್ಡ ಶಿಷ್ಯರ ಮುಂದೆ "ಕೋಣನ ಮುಂದೆ ಕಿನ್ನರಿ ಬಾರಿಸಿದ ಹಾಗಾಯ್ತು" ಎನ್ನುತ್ತಿದ್ದವಳು ನಾನು. ಈಗ ಕೋಣ ಯಾರೆಂದು ಗೊತ್ತಾಯಿತು. ಕಿವಿ ಕೇಳದವಳು ಪಿಯಾನೊ ಕಲಿಸುವುದೆಂದರೆ ಮೋಸ. ಅವನು ಹೋದ ಮೇಲೆ ಒಂದು ಹಾಳೆಯಲ್ಲಿ "ಮುಂದಿನ ವಾರದಿಂದ ಪಾಠ ಇಲ್ಲ" ಎಂದು ಬರೆದೆ. ಬಾಗಿಲಿಗೆ ಅಂಟಿಸಲು ಅಂಟು ಹುಡುಕುತ್ತಿದ್ದಾಗ ಐದು ಗಂಟೆಯ ಪಾಠದ ಹುಡುಗಿ ಬಂದಳು. ಹನ್ನೆರಡು ವರ್ಷದವಳು, ಬಾಯಿ ಜೋರು.

"ಮೇಲಿನ ಕೀಗಳು ಕೆಟ್ಟಿರೋದು ನಿನಗೆ ಗೊತ್ತಿತ್ತೇನೇ?"

ಅವಳು ಚಪ್ಪಲಿ ಬಿಡುವುದರಲ್ಲಿ ಬಹಳ ಹೊತ್ತು ಕಳೆದಳು. "ಎಲ್ಲಾರ್ಗೂ ಗೊತ್ತು ಮಿಸ್. ನಾನು ಅಲ್ಲಿ ತಪ್ಪು ನುಡಿಸ್ದಾಗ ನೀವು ಭೇಷ್ ಅಂದ್ರಿ. ನೀವು ಯಾವತ್ತಾದ್ರೂ ಭೇಷ್ ಅಂತೀರಾ? ಆವತ್ತೇ ಅನುಮಾನ ಬಂತು, ನಿಮಗೆ ಅಲ್ಲಿ ಕೇಳಿಸಲ್ಲ ಅಂತ."

"ಮತ್ತೆ ಹೇಳ್ಲಿಲ್ಲ ಯಾಕೆ?"

"ಹೇಳಿದ್ರೆ ಪಾಠ ನಿಲ್ಲಿಸಿಬಿಡ್ತೀರಲ್ಲಾ. ಅದಕ್ಕೇ ಆ ಜಾಗ ಬಂದಾಗ ಎಲ್ಲಾರೂ ಕೆಳಗಿನ ಸ್ಥಾಯಿಯಲ್ಲಿ ಗುನುಗ್ತಿದ್ವಿ. ನಿಮಗೆ ಕೇಳಿಸ್ಲಿ ಅಂತ."

ಮೂರು ತಿಂಗಳಿಂದ ಆ ಗುನುಗಿಗೇ ನಾನು ಬೈಯುತ್ತಿದ್ದೆ, ಗುನುಗಬಾರದು ಅಂತ ನಿಯಮವನ್ನೇ ಮಾಡಿದ್ದೆ. "ನುಡಿಸೋಕೆ ಬಂದಿದ್ದೀಯೋ ಹಾಡೋಕೋ" ಎಂದು ಒಬ್ಬೊಬ್ಬರನ್ನೂ ತರಾಟೆಗೆ ತೆಗೆದುಕೊಂಡಿದ್ದೆ. ಒಂದು ಮಗುವೂ ಬಾಯಿ ಬಿಟ್ಟಿರಲಿಲ್ಲ.

ನನಗೆ ಪಿಯಾನೊ ಕಲಿಸಿದ ಟೀಚರ್ ನೆನಪಾದರು.

ಅಪ್ಪ ಬಸ್ ಓಡಿಸುತ್ತಿದ್ದ ನಮ್ಮ ಮನೆಯಲ್ಲಿ ಪಿಯಾನೊ ಎಲ್ಲಿಂದ ಬರಬೇಕು? ಚಪ್ಪಲಿ ಅಂಗಡಿಯ ಮೇಲಿನ ಎರಡು ಕೋಣೆಯಲ್ಲಿದ್ದ ಟೀಚರ್ ದಿನಾ ಬೆಳಿಗ್ಗೆ ಶಾಲೆಗೆ ಮುಂಚೆ ತಮ್ಮ ಪಿಯಾನೊದಲ್ಲಿ ಕಲಿಸಲು ನನಗೆ ಬಾಗಿಲು ತೆಗೆಯುತ್ತಿದ್ದರು. ಒಂದು ದಿನ ಅವರು ಸ್ವರದ ಹಾಳೆಯನ್ನು ತಲೆಕೆಳಗಾಗಿ ಇಟ್ಟು "ಶುರು ಮಾಡು" ಅಂದರು. ಅವರ ಕಣ್ಣು ಹೋಗುತ್ತಿದೆ ಎಂದು ತಿಳಿಯಿತು. ಗೊತ್ತಾದರೆ ಎಲ್ಲರೂ ಮಕ್ಕಳನ್ನು ಬಿಡಿಸುತ್ತಾರೆಂಬ ಭಯ ನನಗೆ. ಅಂದಿನಿಂದ ಹೊಸ ಪಾಠವನ್ನೆಲ್ಲ ನನಗೇ ಹೇಳಿಕೊಳ್ಳುವವಳ ಹಾಗೆ ಜೋರಾಗಿ ಓದತೊಡಗಿದೆ. "ಬಲಗೈ ನಾಲ್ಕನೇ ಬೆರಳು, ಎಡಗೈ ಸುಮ್ಮನೆ" ಅಂತ. ಹೀಗೆ ಆರು ವರ್ಷ. ಯಾವ ಹಾಳೆ ಮುಂದಿಟ್ಟರೂ ಕಂಡ ಕೂಡಲೇ ನುಡಿಸುವ ಅಭ್ಯಾಸ ಬಂದದ್ದು ಹಾಗೆ. ನೃತ್ಯಶಾಲೆಯಲ್ಲಿ ಮೊದಲ ಕೆಲಸ ಸಿಕ್ಕಿದ್ದು ಅದರಿಂದ, ಇವತ್ತಿನ ತನಕ ಅನ್ನ ಹಾಕಿದ್ದೂ ಅದೇ.

ಅವರಿಗಾಗಿಯೇ ಜೋರಾಗಿ ಓದುತ್ತಿದ್ದೆನೆಂದು ಅವರ ಕೊನೆಗಾಲದಲ್ಲಿ ಒಪ್ಪಿಕೊಂಡೆ. ಟೀಚರ್ ನಕ್ಕರು.

"ಮೊದಲನೇ ದಿನವೇ ಗೊತ್ತಾಯ್ತು ಕಣೇ. ಬಾಯಿ ಮುಚ್ಚು ಅನ್ನೋಣ ಅಂತ ನಾಲಿಗೆ ತುದಿವರೆಗೆ ಬಂದಿತ್ತು, ನುಂಗ್ಕೊಂಡೆ. ಕಲಿಸೋದು ಬಿಟ್ಟಿದ್ರೆ ನಾನು ಆವತ್ತೇ ಮುದುಕಿ ಆಗ್ಬಿಡ್ತಿದ್ದೆ. ನಿನ್ನ ಋಣ ದೊಡ್ಡದು."

ನನ್ನ ಋಣವಂತೆ! ನನ್ನ ಬದುಕನ್ನೇ ಕಟ್ಟಿಕೊಟ್ಟವರು ಹೇಳುವ ಮಾತೇ ಅದು ಎಂದು ಆವತ್ತು ಅತ್ತಿದ್ದೆ. ಈಗ ಆ ಮಾತು ನನ್ನ ಬಾಯಿಗೇ ಬಂತು. ಮನಸ್ಸಿನ ತುಂಬ ಕೃತಜ್ಞತೆ ಇತ್ತು. ಆದರೆ ಹನ್ನೆರಡು ವರ್ಷದವಳಿಗೆ ಹೇಗೆ ಹೇಳುವುದು?

ಪಾಠ ಇಲ್ಲವೆಂದು ಬರೆದಿದ್ದ ಹಾಳೆಯನ್ನು ನಾಲ್ಕು ಚೂರು ಮಾಡಿದೆ.

"ಸುತ್ತಿಗೆ ರಿಪೇರಿ ಆಗುತ್ತೆ, ನನ್ನ ಕಿವಿ ಆಗಲ್ಲ," ಅಂದೆ. "ನಿಮ್ಮ ಮನೆಗಳಿಗೆಲ್ಲ ನಾನೇ ಹೇಳ್ತೀನಿ. ಕಳಿಸೋರು ಕಳಿಸ್ಲಿ. ನೀನು ನುಡಿಸು. ಮೇಲೆ ಹೋದಾಗ ಗುನುಗು, ಜೋರಾಗಿ."

ಅವಳು ನುಡಿಸಿದಳು. ಬೆರಳು ಬಲತುದಿಗೆ ಹೋದಾಗ ಪಿಯಾನೊ ನನಗೆ ಮೌನವಾಯಿತು, ಅವಳ ಗುನುಗು ಎದ್ದಿತು. ಕಣ್ಣು ಮುಚ್ಚಿ ಕೇಳಿದೆ.

"ನಿಲ್ಲಿಸು," ಅಂದೆ. "ಎರಡನೇ ಸ್ವರ ಸ್ವಲ್ಪ ಇಳೀತು. ಮತ್ತೆ ಗುನುಗು ಮರಿ."