ಕರಿಬಸಮ್ಮನ ಕತ್ತಿನ ಕಪ್ಪು

ವಳ್ಳೂರಿನ ಕರಿಬಸಮ್ಮನಿಗೆ ನಲವತ್ತಾರು ವರ್ಷ. ಸೋಲಾರ್ ಪ್ಯಾನಲ್ ತೊಳೆಯುವ ಇಪ್ಪತ್ತು ಜನರಿಗೆ ಬೆಳಗಿನ ತಿಂಡಿ ಮಾಡಿಕೊಡುವುದು ಅವರ ಕೆಲಸ. ಗಂಡ ಭೀಮರಾಜು ಕೂಡ ಆ ಇಪ್ಪತ್ತರಲ್ಲಿ ಒಬ್ಬರು. ಕರಿಬಸಮ್ಮನ ಪೂರಿ, ಬೋಂಡ ಎಂದರೆ ಎಲ್ಲರಿಗೂ ಪ್ರಾಣ.

ಒಂದು ವರ್ಷದಿಂದ ಅವರ ಕತ್ತಿನ ಸುತ್ತ ಕಪ್ಪು ಪಟ್ಟಿ ಕಾಣಿಸಿಕೊಂಡಿತ್ತು. ಕೊಳೆ ಎಂದುಕೊಂಡು ಉಜ್ಜಿದರು. ಸೋಪು ಬದಲಿಸಿದರು, ಕಡಲೆಹಿಟ್ಟು ಹಚ್ಚಿದರು, ಕೊನೆಗೆ ಕಲ್ಲಿನಿಂದ ತಿಕ್ಕಿ ಗಾಯ ಮಾಡಿಕೊಂಡರು. ಮದುವೆ ಮನೆಯಲ್ಲೂ ಸೆರಗನ್ನು ಕತ್ತಿಗೆ ಸುತ್ತಿಕೊಂಡೇ ಕೂರುತ್ತಿದ್ದರು.

ಒಂದು ದಿನ ಆಶಾ ಕಾರ್ಯಕರ್ತೆ ಸಹನಾ ಮನೆಗೆ ಬಂದಾಗ ಆ ಗಾಯ ಅವರ ಕಣ್ಣಿಗೆ ಬಿತ್ತು.

“ಅಕ್ಕ, ಇದು ಕೊಳೆ ಅಲ್ಲ, ಉಜ್ಜಬೇಡ. ಸುಮಾರು ಜನಕ್ಕೆ ಸಕ್ಕರೆ ಕಾಯಿಲೆ ಬರೋಕೆ ಮುಂಚೆ ಕತ್ತು ಇಂಗೆ ಕಪ್ಪಾಗುತ್ತೆ. ನಾಳೆ ಖಾಲಿ ಹೊಟ್ಟೇಲಿ ಆರೋಗ್ಯ ಕೇಂದ್ರಕ್ಕೆ ಬಾ.”

“ಬುಡು ತಾಯಿ! ಕಾಫಿಗೂ ಸಕ್ಕರೆ ಹಾಕ್ಕಳಲ್ಲ ನಾನು. ನಂಗೆಲ್ಲಿಂದ ಬತ್ತದೆ?”

ಆದರೂ ಹೋದರು. ರಕ್ತದ ಸಕ್ಕರೆ ನೂರಾ ಹದಿನೆಂಟು ಇತ್ತು. “ನೂರರ ಒಳಗಿರಬೇಕಿತ್ತು. ಇನ್ನೂ ಕಾಯಿಲೆ ಆಗಿಲ್ಲ, ಅಂಚಿನಲ್ಲಿದ್ದೀರಿ” ಎಂದರು ನರ್ಸ್. ಕರಿಬಸಮ್ಮ ಹೆದರಿದರು. ಅವರ ಅವ್ವ ಇದೇ ಕಾಯಿಲೆಯಿಂದ ಒಂದು ಕಾಲು ಕಳೆದುಕೊಂಡಿದ್ದರು.

ಸಂಜೆ ಸಹನಾ ಮತ್ತೆ ಬಂದರು. ಒಲೆಯ ಮೇಲೆ ಬಾಂಡ್ಲಿಯಲ್ಲಿ ಎಣ್ಣೆ ಡಿಕಾಕ್ಷನ್ನಿನಂತೆ ಕಪ್ಪಗಿತ್ತು.

“ಯಾವತ್ತಿಂದು ಅಕ್ಕ ಈ ಎಣ್ಣೆ?”

“ನಾಕು ದಿನದ್ದು ಕಣಮ್ಮ. ಕಮ್ಮಿ ಆದಂಗೆ ಮೇಲೆ ಒಸಿ ವನಸ್ಪತಿ ಹಾಕ್ತೀನಿ.”

ಭೀಮರಾಜು ನಕ್ಕರು. “ಎಣ್ಣೆಗೂ ಸಕ್ಕರೆ ಕಾಯಿಲೆಗೂ ಏನ್ ಸಂಬಂಧ? ನಮ್ಮಪ್ಪ ಬೆಣ್ಣೆ ತಿಂದೇ ಎಂಬತ್ತು ವರ್ಷ ಬದುಕ್ದ.”

“ಅವ್ರು ದಿನವೆಲ್ಲ ಹೊಲದಲ್ಲಿ ದುಡೀತಿದ್ರು ಭಾವ. ದಿನಾ ಪೂರಿ ತಿಂತಿದ್ರಾ?” ಎಂದು ಕೇಳಿ ಸಹನಾ ಕೂತು ವಿವರಿಸಿದರು. “ನಾವು ತಿಂದ ಅನ್ನ, ಮುದ್ದೆ ಸಕ್ಕರೆಯಾಗಿ ರಕ್ತಕ್ಕೆ ಸೇರುತ್ತೆ. ಅದನ್ನ ಮೈಗೆ ಹಿಡಿಸೋದು ಇನ್ಸುಲಿನ್. ಜಿಡ್ಡು ಜಾಸ್ತಿ ತಿಂದು ಹೊಟ್ಟೆ ಒಳಗೆ, ಈಲಿ ಅಂದ್ರೆ ಲಿವರ್ ಒಳಗೆ ಕೊಬ್ಬು ತುಂಬ್ಕೊಂಡ್ರೆ ಒಳಗೊಳಗೇ ಸಣ್ಣಗೆ ಉರಿಯೂತ ಶುರುವಾಗುತ್ತೆ. ನೋವಿಲ್ಲ, ಜ್ವರ ಇಲ್ಲ, ಗೊತ್ತೇ ಆಗಲ್ಲ. ಆಮೇಲೆ ಇನ್ಸುಲಿನ್ ಮಾತನ್ನ ಮೈ ಕೇಳಲ್ಲ. ಪ್ಯಾನಲ್ ಮೇಲೆ ಧೂಳು ಕೂತ್ರೆ ಬಿಸಿಲಿದ್ರೂ ಕರೆಂಟ್ ಕಮ್ಮಿ ಬರಲ್ವಾ ಭಾವ, ಅಂಗೆ.”

ಭೀಮರಾಜು ಮೆಲ್ಲಗೆ ತಮ್ಮ ಹೊಟ್ಟೆ ನೋಡಿಕೊಂಡರು.

“ಅಂಗಾರೆ ಎಣ್ಣೇನೇ ಬುಟ್ಬುಡ್ಲಾ?” ಕರಿಬಸಮ್ಮ ಕೇಳಿದರು.

“ಬೇಡಕ್ಕ, ಮೈಗೆ ಕೊಬ್ಬೂ ಬೇಕು. ವನಸ್ಪತಿ, ಕರಿದು ಕಪ್ಪಾದ ಎಣ್ಣೆ ಬೇಡ. ಬೆಣ್ಣೆ, ತುಪ್ಪ, ಪಾಮಾಯಿಲ್ ಕಮ್ಮಿ ಮಾಡು. ನಮ್ಮ ಕಡ್ಲೆಕಾಯಿ ಎಣ್ಣೆ, ಹುಚ್ಚೆಳ್ಳು ಇದಾವಲ್ಲ. ಒಳ್ಳೇದು ಅಂತ ಅದನ್ನೂ ಸುರೀಬೇಡ, ಒಬ್ರಿಗೆ ದಿನಕ್ಕೆ ಮೂರು ಟೀ ಚಮಚ ಸಾಕು. ಅನ್ನ, ಮುದ್ದೇನೂ ಅಳತೇಲಿರ್ಲಿ. ದಿನಾ ಅರ್ಧ ಗಂಟೆ ಬಿರಬಿರನೆ ನಡಿ.”

ಕರಿಬಸಮ್ಮ ಎದ್ದರು. ಬಾಂಡ್ಲಿ ಎತ್ತಿಕೊಂಡು ಹೋಗಿ ಎಣ್ಣೆಯನ್ನು ಹಿತ್ತಲ ಗುಂಡಿಗೆ ಸುರಿದು ಬಂದರು. “ಕೆಟ್ಟದ್ದು ಅಂತ ಗೊತ್ತಾದ್ಮೇಲೆ ಇಪ್ಪತ್ತು ಜನಕ್ಕೆ ಹೆಂಗೆ ಬಡಿಸ್ಲಿ?” ಎಂದರು.

ಮರುದಿನ ಕೆಲಸದವರಿಗೆ ಇಡ್ಲಿ, ಮೊಳಕೆ ಹುರುಳಿಕಾಳಿನ ಉಸ್ಲಿ, ಹುಚ್ಚೆಳ್ಳು ಚಟ್ನಿ ಹೋಯಿತು.

“ಏನಕ್ಕಾ, ಆಸ್ಪತ್ರೆ ಊಟ ತಂದ್ಬುಟ್ಟಿದೀಯ?” ಎಂದ ಅವರಲ್ಲೊಬ್ಬ, ತಿಪ್ಪೇಶ್. ಅವನಿಗಿನ್ನೂ ಇಪ್ಪತ್ತೊಂಬತ್ತು. ಅರ್ಧ ಜನ ಎದ್ದು ಹೋಟೆಲಿಗೆ ಹೋದರು. ಮೂರು ದಿನ ಹೀಗೇ ಆಯಿತು.

“ಪೂರಿ ಹಾಕ್ಬುಡು ಲೇ, ಇರೋ ಕೆಲ್ಸಾನೂ ಹೋಯ್ತದೆ” ಎಂದರು ಭೀಮರಾಜು.

ಕರಿಬಸಮ್ಮ ಬಗ್ಗಲಿಲ್ಲ. ನಾಲ್ಕನೆಯ ದಿನ ಸಹನಾ, ನರ್ಸ್ ಇಬ್ಬರನ್ನೂ ಕೆಲಸದ ಜಾಗಕ್ಕೇ ಕರೆದುಕೊಂಡು ಹೋದರು. ವರ್ಷದಿಂದ ಯಾರಿಗೂ ತೋರಿಸದೆ ಮುಚ್ಚಿಟ್ಟಿದ್ದ ಕತ್ತಿನಿಂದ ಸೆರಗು ತೆಗೆದು ಎಲ್ಲರೆದುರು ನಿಂತರು.

“ನೋಡ್ರಪ್ಪ, ನಾಚ್ಕೆ ಬುಟ್ಟು ತೋರಿಸ್ತಾ ಇದೀನಿ. ನನ್ನ ಕೈಯಾರೆ ನಾನೇ ಮಾಡ್ಕಂಡೆ. ನಿಮಗೂ ಅದನ್ನೇ ಬಡಿಸ್ದೆ. ಇವತ್ತು ಎಲ್ರೂ ರಕ್ತ ಪರೀಕ್ಷೆಗೆ ಬೆರಳು ಕೊಡಿ. ಆಮೇಲೆ ಏನು ಬೇಕೋ ತಿನ್ನಿ.”

ಒಬ್ಬೊಬ್ಬರಾಗಿ ಬೆರಳು ಕೊಟ್ಟರು. ಐದು ಜನರ ಸಕ್ಕರೆ ಹೆಚ್ಚಾಗಿತ್ತು. ಅವರಲ್ಲಿ ಒಬ್ಬರು ಭೀಮರಾಜು, ಇನ್ನೊಬ್ಬ ತಿಪ್ಪೇಶ್. ನರ್ಸ್ ಆ ಐವರನ್ನೂ ವೈದ್ಯರ ಬಳಿಗೆ ಕಳಿಸಿದರು. ಮರುದಿನ ತಿಂಡಿಗೆ ಎಲ್ಲರಿಗಿಂತ ಮೊದಲು ಬಂದು ಕೂತವನು ತಿಪ್ಪೇಶ್.

ಐದು ತಿಂಗಳ ನಂತರ ಕರಿಬಸಮ್ಮನ ಸಕ್ಕರೆ ನೂರಾ ಎರಡಕ್ಕೆ ಇಳಿದಿದೆ. ಕತ್ತಿನ ಕಪ್ಪು ತಿಳಿಯಾಗುತ್ತಿದೆ. ಗಂಡ ಹೆಂಡತಿ ದಿನಾ ಸಂಜೆ ಪಕ್ಕದೂರು ಬಲಸಮುದ್ರದ ದಾರಿಯಲ್ಲಿ ಜೊತೆಯಾಗಿ ನಡೆಯುತ್ತಾರೆ. ಹಬ್ಬ ಬಂದರೆ ಹೊಸ ಎಣ್ಣೆಯಲ್ಲಿ ಕರಿದ ಒಂದು ವಡೆ ತಿನ್ನುತ್ತಾರೆ, ಬೈಯುವವರಿಲ್ಲ.

ಅಕ್ಕಂದಿರೇ, ಅಣ್ಣಂದಿರೇ, ಕರಿದ ಎಣ್ಣೆಯನ್ನು ಮತ್ತೆ ಮತ್ತೆ ಕಾಯಿಸಬೇಡಿ. ತಿಂಗಳಿಗೆ ಮನೆಗೆ ಎಷ್ಟು ಎಣ್ಣೆ ತರುತ್ತೀರಿ, ಎಷ್ಟು ಜನ ತಿನ್ನುತ್ತೀರಿ, ಒಮ್ಮೆ ಲೆಕ್ಕ ಹಾಕಿ. ಒಬ್ಬರಿಗೆ ಅರ್ಧ ಲೀಟರಿಗೆ ಹೆಚ್ಚಾದರೆ ಕಡಿಮೆ ಮಾಡಿ. ಮೂವತ್ತು ದಾಟಿದವರೆಲ್ಲ ರಕ್ತ ಪರೀಕ್ಷೆ ಮಾಡಿಸಿ. ವೈದ್ಯರು ಕೊಟ್ಟ ಮಾತ್ರೆಯನ್ನು ನೀವಾಗಿಯೇ ನಿಲ್ಲಿಸಬೇಡಿ. ಹತ್ತಿರದ ಆರೋಗ್ಯ ಕೇಂದ್ರಕ್ಕೆ ಒಬ್ಬರೇ ಹೋಗಬೇಡಿ, ಪಕ್ಕದ ಮನೆಯವರನ್ನೂ ಕರೆದುಕೊಂಡು ಹೋಗಿ.