ಸವರದೆ ಬಿಟ್ಟ ಪಟ್ಟಿ

"ಮಳೆ ಮೊದ್ಲು ಬರ್ತದೋ, ಸಿಡ್ಲು ಮೊದ್ಲು ಬರ್ತದೋ?"

ದ್ಯಾವಮ್ಮ ಇದನ್ನು ಯಾರನ್ನೂ ಉದ್ದೇಶಿಸಿ ಕೇಳಲಿಲ್ಲ. ಅಂಗಳದಲ್ಲಿದ್ದದ್ದು ಗೂಟಕ್ಕೆ ಕಟ್ಟಿದ ಗಬ್ಬದ ಹಸು ಒಂದೇ. ಅದು ಕಿವಿ ಕೂಡ ಆಡಿಸಲಿಲ್ಲ. ತೊಂಬತ್ತೆಂಟರ ಏಪ್ರಿಲ್ ಮೊದಲ ವಾರ. ಬಾಳೂರಿನ ಮೇಲಿನ ತೋಟಗಳಲ್ಲಿ ಕಾಫಿ ಗಿಡಗಳು ಮೊಗ್ಗು ಹಿಡಿದುಕೊಂಡು ಹೂಮಳೆಗೆ ಕಾದು ನಿಂತಿದ್ದವು. ದಿನಾ ಮಧ್ಯಾಹ್ನ ಮೂರರ ಮೇಲೆ ಘಟ್ಟದ ಕಡೆಯಿಂದ ಮೋಡ ಏರಿ ಬಂದು, ಗುಡುಗಿ, ನಾಲ್ಕು ಸಲ ಮಿಂಚಿ, ಒಂದು ಹನಿಯನ್ನೂ ಬಿಡದೆ ಹಿಂದಕ್ಕೆ ಹೋಗುತ್ತಿತ್ತು. ಊಟಕ್ಕೆ ಕರೆದು, ಎಲೆ ಹಾಕಿ, ಬಡಿಸದೆ ಎಬ್ಬಿಸಿದ ಹಾಗೆ.

ಅವಳ ಮನೆ ಇದ್ದದ್ದು ಒಂದು ಪಟ್ಟಿಯ ಬುಡದಲ್ಲಿ. ಎಡಕ್ಕೆ ವೆಂಕಟರಾಮ ಭಟ್ಟರ ತೋಟ, ಬಲಕ್ಕೆ ನಾಗೇಶ ಗೌಡರ ಎಸ್ಟೇಟು. ನಡುವೆ, ಮೇಲಿನ ಬೋಳುಗುಡ್ಡದಿಂದ ಕೆಳಗಿನ ಹಳ್ಳದವರೆಗೆ ಇಳಿದ ಹುಲ್ಲಿನ ಜಾಗ, ಅಗಲ ಹೆಚ್ಚೆಂದರೆ ಇಪ್ಪತ್ತು ಮಾರು. ಅದರ ನೆತ್ತಿಯಲ್ಲಿ ಬೇಸಿಗೆಗೂ ಬತ್ತದ ಒಂದು ಒರತೆ ಇತ್ತು. ಆ ಒರತೆಗಾಗಿ ಇಬ್ಬರೂ ಹನ್ನೊಂದು ವರ್ಷದಿಂದ ಕೋರ್ಟಿನ ಮೆಟ್ಟಿಲು ಸವೆಸುತ್ತಿದ್ದರು. ಅವಳ ಗಂಡ ಗಿಡ್ಡಪ್ಪ ಅಲ್ಲಿ ಹುಲ್ಲಿನ ಮಾಡು ಎತ್ತಿದಾಗ ಆ ಜಾಗ ಯಾರದೆಂದು ಕೇಳುವವರಿರಲಿಲ್ಲ. ಈಗ ಎರಡು ಕಡೆಯವರೂ ಒಂದೇ ಮಾತು ಹೇಳಿದ್ದರು: ಜಾಗ ತಮ್ಮದೆಂದು ತೀರ್ಮಾನವಾದ ಮರುದಿನ ಅವಳು ಮನೆ ಕೀಳಬೇಕು. ತೀರ್ಮಾನವಾಗುವ ತನಕ ಮುಟ್ಟುವಂತಿಲ್ಲ. ಹೀಗಾಗಿ ಅವಳ ಸೂರು ಕಂಬಗಳ ಮೇಲೆ ನಿಂತದ್ದಕ್ಕಿಂತ ಹೆಚ್ಚಾಗಿ ಅವರ ಜಗಳದ ಮೇಲೆ ನಿಂತಿತ್ತು.

ಶಿವರಾತ್ರಿ ಕಳೆಯುತ್ತಿದ್ದ ಹಾಗೆ ಗುಡ್ಡದ ಅಂಚಿನಲ್ಲಿ ಫೈರ್‌ಲೈನು ಸವರುವುದು ಆ ಕಡೆಯ ಪದ್ಧತಿ. ಒಣಗಿದ ಕರಡದ ಹುಲ್ಲನ್ನು ಬುಡಸಮೇತ ಹೆರೆದು, ಎರಡು ಮಾರು ಅಗಲಕ್ಕೆ ಬರಿ ಮಣ್ಣು ಕಾಣುವಂತೆ ಮಾಡುತ್ತಾರೆ. ಗುಡ್ಡಕ್ಕೆ ಬಿದ್ದ ಬೆಂಕಿ ಅಲ್ಲಿಗೆ ಬಂದು ತಿನ್ನಲು ಏನೂ ಸಿಗದೆ ನಿಲ್ಲುತ್ತದೆ. ಪ್ರತಿಯೊಂದು ಮನೆಯವರು ತಮ್ಮ ಬೇಲಿಯ ಉದ್ದಕ್ಕೆ ಸವರಬೇಕು. ನಡುವಿನ ಪಟ್ಟಿಯ ಇಪ್ಪತ್ತು ಮಾರನ್ನು ಬದುಕಿದ್ದ ತನಕ ಗಿಡ್ಡಪ್ಪನೇ ಸವರಿದ್ದ, ಯಾರೂ ಹೇಳದೆ, ತನ್ನ ಮನೆಗೋಸ್ಕರ. ಅವನು ಹೋದ ಮೇಲೆ ಮೂರು ವರ್ಷ ದ್ಯಾವಮ್ಮ ಸವರಿದಳು. ಈ ವರ್ಷ ಎರಡು ಕಡೆಯ ವಕೀಲರಿಗೂ ಒಂದೇ ಬುದ್ಧಿ ಹೊಳೆಯಿತು: ಪಟ್ಟಿಗೆ ಕತ್ತಿ ಹಾಕಿದವನದೇ ಸ್ವಾಧೀನ. ಅಂದಿನಿಂದ ಭಟ್ಟರ ಆಳೊಬ್ಬ ಎಡಬೇಲಿಯಲ್ಲಿ, ಗೌಡರ ಆಳೊಬ್ಬ ಬಲಬೇಲಿಯಲ್ಲಿ ಕೂತು, ಇನ್ನೊಬ್ಬರು ಹುಲ್ಲು ಮುಟ್ಟದ ಹಾಗೆ ಕಾದರು. ಎದೆಮಟ್ಟದ ಹುಲ್ಲು ಹಾಗೇ ನಿಂತು ಒಣಗಿ ಬಂಗಾರದ ಬಣ್ಣಕ್ಕೆ ತಿರುಗಿತು.

ದ್ಯಾವಮ್ಮ ಎರಡೂ ಮನೆಗೆ ಹೋಗಿ ಕೇಳಿಕೊಂಡಿದ್ದಳು. ಎರಡೂ ತೋಟದಲ್ಲಿ ಕಾಫಿ ಕೊಯ್ದ ಕೈ ಅವಳದು. ಭಟ್ಟರು ಜಗಲಿಯಿಂದ ಇಳಿಯದೆಯೇ ಹೇಳಿದರು, ಅವಳು ಸವರಿದರೆ ಗೌಡ ನಾಳೆ ತನ್ನ ಆಳು ಸವರಿದಳು ಎನ್ನುತ್ತಾನೆ, ಆದ್ದರಿಂದ ಬೇಡ. ಗೌಡರು ಕಾಫಿ ಒಣಗಿಸುವ ಕಣದಲ್ಲಿ ನಿಂತು ನಕ್ಕರು.

"ಭಟ್ರ ಮನೆ ಅಂಗ್ಳದಲ್ಲಿ ಕೂತು ಪದ್ಯ ಕೇಳ್ದೋಳು ನೀನು. ನೀನು ಕತ್ತಿ ಹಾಕಿದ್ರೆ ಅದು ಭಟ್ರ ಕತ್ತಿ."

"ಬೆಂಕಿಗೆ ಕೋರ್ಟಿನ ಕಾಗ್ದ ಓದಾಕೆ ಬರ್ತದಾ, ಗೌಡ್ರೆ?"

"ನಿಂಗೂ ಬರಲ್ಲ, ಅದ್ಕೂ ಬರಲ್ಲ. ಇಬ್ರೂ ಸುಮ್ನಿರಿ."

ಪದ್ಯ ಕೇಳಿದ್ದು ನಿಜ. ಭಟ್ಟರ ತಂದೆ, ಊರಿಗೆಲ್ಲ ದೊಡ್ಡಯ್ಯ, ಶ್ರಾವಣದ ಸಂಜೆಗಳಲ್ಲಿ ದೀಪದ ಮುಂದೆ ಕೂತು ರಾಗವಾಗಿ ಓದುತ್ತಿದ್ದರು. ಅಂಗಳದ ಮೂಲೆಯಲ್ಲಿ ಕಂಬಳಿ ಹೊದ್ದು ಕೂತ ದ್ಯಾವಮ್ಮ ಇಪ್ಪತ್ತೆರಡು ಮಳೆಗಾಲ ಅದನ್ನು ಕೇಳಿದಳು. ಅಕ್ಷರ ಬಾರದಿದ್ದರೂ ಬೆಂಕಿಗೆ ಏಳು ನಾಲಗೆ ಎಂಬುದು ಅವಳಿಗೆ ಗೊತ್ತಿತ್ತು. ಒಂದು ದಿನ ದೊಡ್ಡಯ್ಯ ಓದು ನಿಲ್ಲಿಸಿ, ಅಂಗಳದ ಕಡೆ ತಿರುಗಿ, ಬೆಂಕಿ ತಿಂದದ್ದನ್ನು ಜೀರ್ಣಿಸಿಕೊಳ್ಳುತ್ತದೆ, ಆದರೆ ನೋಡಿದ್ದನ್ನು ಮರೆಯುವುದಿಲ್ಲ, ಅದರ ಎದುರು ಸುಳ್ಳು ಆಡಬಾರದು ಎಂದಿದ್ದರು. ಮೆಟ್ಟಿಲ ಮೇಲೆ ಕೂತು ಕೇಳುತ್ತಿದ್ದವರು ತಲೆದೂಗಿ ಎದ್ದುಹೋದರು. ದ್ಯಾವಮ್ಮ ಮಾತ್ರ ಅಂದಿನಿಂದ ಒಲೆ ಹಚ್ಚುವ ಮುನ್ನ ಒಂದು ಗಳಿಗೆ ಕೈಮುಗಿಯುವುದನ್ನು ರೂಢಿ ಮಾಡಿಕೊಂಡಳು. ದೊಡ್ಡಯ್ಯ ಕಾಲವಾದ ಮೇಲೆ ಆ ಮನೆಯಲ್ಲಿ ಓದು ನಿಂತಿತು. ಮಗನಿಗೆ ಬಾಯಿಪಾಠವಾಗಿದ್ದದ್ದು ಪಹಣಿಯ ಸರ್ವೆ ನಂಬರುಗಳು.

ಬುಧವಾರ ಸಿಡಿಲು ಮೊದಲು ಬಂತು.

ಬೋಳುಗುಡ್ಡದ ತಲೆಯ ಮೇಲೆ ಒಂಟಿಯಾಗಿದ್ದ ನೇರಳೆ ಮರಕ್ಕೆ ಅದು ಹೊಡೆದ ಸದ್ದಿಗೆ ಹಸು ಗೂಟ ಜಗ್ಗಿ ಎದ್ದಿತು. ದ್ಯಾವಮ್ಮ ನೋಡುತ್ತಿದ್ದ ಹಾಗೆ ಮರದ ಬುಡದಿಂದ ಹೊಗೆ ಎದ್ದು, ಹೊಗೆಯ ಕೆಳಗೆ ಕೆಂಪು ಗೆರೆಯೊಂದು ಎರಡೂ ಕಡೆಗೆ ಹರಿಯಿತು. ಮೋಡ ತನ್ನ ಕೆಲಸ ಮುಗಿಯಿತೆಂಬಂತೆ ಜಾಗ ಬಿಟ್ಟಿತು. ಬಿಸಿಲು ಬಿತ್ತು, ಗಾಳಿ ಬಂತು. ಗುಡ್ಡದಿಂದ ಇಳಿಯುವ ಬೆಂಕಿ ನಿಧಾನವಂತೆ. ಆದರೆ ಅಂದು ಗಾಳಿ ಅದನ್ನು ಬೆನ್ನಿಗೆ ಬಾರಿಸಿ ಅಟ್ಟುತ್ತಿತ್ತು.

ಎರಡು ತೋಟದಿಂದಲೂ ಜನ ಓಡಿ ಬಂದರು. ಗಿಡಗಳಿಗೆ ಬೋರ್ಡೋ ಔಷಧಿ ಹೊಡೆಯುವ ಪಂಪುಗಳಲ್ಲಿ ನೀರು ತುಂಬಿ, ಸೊಪ್ಪಿನ ಕೊಂಬೆ ಹಿಡಿದು, ಭಟ್ಟರ ಕಡೆಯವರು ಭಟ್ಟರ ಬೇಲಿಗುಂಟ, ಗೌಡರ ಕಡೆಯವರು ಗೌಡರ ಬೇಲಿಗುಂಟ ಸಾಲಾಗಿ ನಿಂತರು. ಮೇಲೆ ಸವರಿದ ಕಡೆಯೆಲ್ಲ ಬೆಂಕಿ ಮೂಗು ಮುಟ್ಟಿಸಿ ನಿಂತಿತು. ಮಧ್ಯದ ಇಪ್ಪತ್ತು ಮಾರು ಬಾಗಿಲು ತೆಗೆದಿಟ್ಟ ಹಾಗೆ ಇತ್ತು. ಅಲ್ಲಿಗೆ ಯಾರೂ ಕಾಲಿಡಲಿಲ್ಲ. ದ್ಯಾವಮ್ಮ ಕೂಗಿದಳು. ಎಡಗಡೆಯವರು ಭಟ್ಟರ ಮುಖ ನೋಡಿದರು, ಭಟ್ಟರು ಗೌಡರನ್ನು ನೋಡಿದರು. ಅವನ ಆಳು ಇಳಿದರೆ ನಮ್ಮವರೂ ಇಳಿಯಲಿ ಎಂದು ಗೌಡರು ಎಸ್ಟೇಟಿನ ಲೆಕ್ಕ ಬರೆಯುವ ರೈಟರ್ ಶೇಷಪ್ಪನಿಗೆ ಹೇಳಿದ್ದು ಅವಳಿಗೂ ಕೇಳಿಸಿತು.

ಆಮೇಲೆ ಅವಳು ಕೂಗಲಿಲ್ಲ. ಹಸುವಿನ ಹಗ್ಗ ಕತ್ತರಿಸಿ ಹಳ್ಳದ ಕಡೆಗೆ ಹೊಡೆದಳು. ಮಾಡಿನ ಮೇಲೆ ನಾಲ್ಕು ಕೊಡ ನೀರು ಎರಚಿದಳು. ಅಂಗಳದ ಅಂಚಿನ ಹುಲ್ಲನ್ನು ಗುದ್ದಲಿಯಿಂದ ಮೊಳದಗಲ ಕೆತ್ತಿದಳು. ಆಮೇಲೆ ಒಳಗೆ ಹೋಗಿ ಒಲೆಯಿಂದ ಕೆಂಡವನ್ನು ಒಂದು ಹೆಂಚಿನ ಚೂರಿನಲ್ಲಿ ತಂದಳು. ಗಿಡ್ಡಪ್ಪ ಎದುರುಬೆಂಕಿ ಇಡುತ್ತಿದ್ದದ್ದು ಹಾಗೆಯೇ. ಅವನು ಕಡ್ಡಿ ಗೀರುತ್ತಿರಲಿಲ್ಲ; ಹಸಿದು ಬಂದ ಬೆಂಕಿಯ ಎದುರು ಮನೆಯ ಬೆಂಕಿಯೇ ನಿಲ್ಲಬೇಕು ಎನ್ನುತ್ತಿದ್ದ. ಹೊತ್ತನ್ನೂ ಅವನೇ ಕಲಿಸಿದ್ದ: ದೊಡ್ಡ ಬೆಂಕಿ ಹತ್ತಿರ ಬಂದಾಗ ಒಮ್ಮೆ ಉಸಿರು ಒಳಗೆಳೆದುಕೊಳ್ಳುತ್ತದೆ, ಆಗ ಗಾಳಿ ಅದರ ಕಡೆಗೇ ತಿರುಗುತ್ತದೆ. ಆ ಗಳಿಗೆಗೆ ಮುಂಚೆ ಹಚ್ಚಿದರೆ ನಿನ್ನ ಮನೆಯನ್ನು ನೀನೇ ಸುಟ್ಟೆ. ತಡವಾದರೆ ಅದು ಸುಡುತ್ತದೆ.

ಅವಳು ಸೆರಗಿನ ತುದಿಯನ್ನು ಗಾಳಿಗೆ ಹಿಡಿದು ಕಾದಳು. ಬೆನ್ನ ಹಿಂದೆ ಒಣಹುಲ್ಲಿನ ಮಾಡು, ಮುಂದೆ ಪಟ್ಟಿಯ ಬಾಯಿಗೆ ಹೊಕ್ಕ ಬೆಂಕಿ. ಎರಡು ಬೇಲಿಗಳಿಂದ ಐವತ್ತು ಜನ ನೋಡುತ್ತಿದ್ದರು. ಯಾರೋ ಬಲಗಡೆಯಿಂದ, ಮುದುಕಿಗೆ ತಲೆಕೆಟ್ಟಿದೆ ಎಂದರು. ಸೆರಗು ಮುಖಕ್ಕೆ ಬಡಿಯುತ್ತಲೇ ಇತ್ತು, ಬಡಿಯುತ್ತಲೇ ಇತ್ತು, ಆಮೇಲೆ ಇಳಿಬಿತ್ತು, ಆಮೇಲೆ ಮೆಲ್ಲನೆ ಗುಡ್ಡದ ಕಡೆಗೆ ಚಾಚಿತು.

ಬಗ್ಗಿ, ತಪ್ಪಾಯ್ತು ಎಂದು ಕೆಂಡಕ್ಕೆ ಹೇಳಿ, ಹುಲ್ಲಿನ ಬುಡಕ್ಕೆ ಸುರಿದಳು. ಬೆಂಕಿ ಏರುದಾರಿ ಸಿಕ್ಕ ಕುದುರೆಯಂತೆ ಮೇಲಕ್ಕೆ ಓಡಿತು. ಪಟ್ಟಿಯ ನಡುವೆ ಎರಡೂ ಎದುರಾದವು. ಮರದೆತ್ತರಕ್ಕೆ ಒಮ್ಮೆ ಎದ್ದು ನಿಂತು, ಒಂದನ್ನೊಂದು ತಿಂದು, ಬಿದ್ದುಹೋದವು. ಎರಡೂ ಬೇಲಿಯ ಪಕ್ಕದ ಒಂದೊಂದು ಸಾಲು ಕಾಫಿ ಗಿಡ ಬಾಡಿತು. ಅಷ್ಟೇ. ಪಟ್ಟಿಯೆಲ್ಲ ಕಪ್ಪಾಗಿ ಹೊಗೆಯಾಡುತ್ತಿತ್ತು. ಮನೆ ನಿಂತಿತ್ತು.

ತೋಟ ಉಳಿಸಿದಳು ಎಂದು ಯಾರಾದರೂ ಅನ್ನಬಹುದಿತ್ತು. ಮೊದಲು ಕೇಳಿಬಂದದ್ದು ಗೌಡರ ಮಾತು: ನಮ್ಮ ಒಂದು ಸಾಲು ಸುಟ್ಟಳು. ಎಡಗಡೆಯಿಂದಲೂ ಅದೇ ಮಾತು. ಹನ್ನೊಂದು ವರ್ಷದಲ್ಲಿ ಆ ಎರಡು ಬೇಲಿಗಳು ಒಪ್ಪಿಕೊಂಡ ಸಂಗತಿ ಅದೊಂದೇ.

ಮರುದಿನ ಫಾರೆಸ್ಟ್ ಗಾರ್ಡ್ ಬಂದ. ಮೇಲಿನದು ಸಿಡಿಲಿನ ಬೆಂಕಿ, ಸರಿ. ಕೆಳಗಿನದು ಕೈಯಿಂದ ಹಚ್ಚಿದ್ದು. ಅವನು ಹೆಂಚಿನ ಚೂರನ್ನು ಕಾಗದದಲ್ಲಿ ಸುತ್ತಿಕೊಂಡ. ಜಾಗದ ಯಜಮಾನರು ತಮ್ಮ ತೋಟ ಕಾಯಲು ಹಚ್ಚಿಸಿದ್ದಾದರೆ ಒಂದು ಮಾತು, ಅವರ ಹೆಸರು ಬರೆದು ಮುಗಿಸಬಹುದು. ಯಾರ ಅಪ್ಪಣೆಯೂ ಇಲ್ಲದೆ ಅವಳೇ ಹಚ್ಚಿದ್ದಾದರೆ ಕೇಸು. ಸೋಮವಾರ ಕಳಸದ ಆಫೀಸಿಗೆ ಬಂದು ಹೇಳಿಕೆ ಕೊಡಬೇಕು ಎಂದು ಹೇಳಿ ಹೋದ.

ಆ ಮಾತು ಎರಡೂ ಮನೆಗೆ ತಲುಪಲು ಒಂದು ಕಾಫಿ ಕುಡಿಯುವಷ್ಟು ಹೊತ್ತೂ ಬೇಕಾಗಲಿಲ್ಲ. ಸರ್ಕಾರಿ ಕಾಗದದಲ್ಲಿ ಜಾಗದ ಯಜಮಾನನೆಂದು ಹೆಸರು ಬಿದ್ದರೆ ಕೋರ್ಟಿನಲ್ಲಿ ಅದೇ ಸಾಕ್ಷಿ. ಸಂಜೆಗೆ ಮೊದಲೇ ಶೇಷಪ್ಪ ಬಂದ. ಗೌಡರು ಹಚ್ಚು ಅಂದರು, ಹಚ್ಚಿದೆ ಎಂದಷ್ಟೇ ಹೇಳಬೇಕಂತೆ. ಹೇಳಿದರೆ ಎಸ್ಟೇಟಿನ ಕೂಲಿಯವರ ಲೈನುಮನೆಯಲ್ಲಿ ಒಂದು ಕೋಣೆ. ಹೇಳದಿದ್ದರೆ ಸುಟ್ಟ ಗಿಡಗಳಿಗೆ ಗೌಡರದೇ ದೂರು. ದ್ಯಾವಮ್ಮ ಹಸುವಿಗೆ ಹುಲ್ಲು ಹಾಕುತ್ತಲೇ ಕೇಳಿಸಿಕೊಂಡಳು. ಅವನು ಅರ್ಧ ಗಂಟೆ ನಿಂತು, ಕಿವುಡಿಯಾ ಮಾರಾಯ್ತಿ ಎಂದು ಗೊಣಗಿ ಹೋದ.

ಭಾನುವಾರ ಬೆಳಗ್ಗೆ ವೆಂಕಟರಾಮ ಭಟ್ಟರು ತಾವೇ ಬಂದರು. ಇಷ್ಟು ವರ್ಷದಲ್ಲಿ ಅವಳ ಅಂಗಳ ಮೆಟ್ಟದವರು ಅಂದು ಜಗಲಿಯ ಮೇಲೆ, ಅವಳು ಚಾಪೆ ಹಾಸದೆ ಇದ್ದರೂ, ಕೂತರು. ಜೇಬಿನಿಂದ ಮಡಿಸಿದ ಕಾಗದ, ಇಂಕಿನ ಪ್ಯಾಡು ತೆಗೆದು ಪಕ್ಕದಲ್ಲಿಟ್ಟರು. ಓದಿ ಹೇಳಿದರು: ಭಟ್ಟರ ಸ್ವಾಧೀನದಲ್ಲಿರುವ ಜಾಗದಲ್ಲಿ, ಪ್ರತಿ ವರ್ಷ ಅವರ ಪರವಾಗಿ ಫೈರ್‌ಲೈನು ಸವರುತ್ತಿದ್ದ ನಾನು, ಅವರ ಅಪ್ಪಣೆಯಂತೆ ಎದುರುಬೆಂಕಿ ಇಟ್ಟೆ.

"ಅಪ್ಣೆ ಕೊಟ್ಟಿದ್ರಾ, ಅಯ್ಯಾ?"

"ಕೊಟ್ಟಿದ್ದೆ ಅಂದ್ಕೊ."

"ಸವರ್ಬೇಡ ಅಂದಿದ್ರಿ."

ಭಟ್ಟರು ಹೆಗಲ ಮೇಲಿನ ಟವೆಲಿನಿಂದ ಮುಖ ಒರೆಸಿಕೊಂಡರು. ಗೌಡ ಇವಳನ್ನು ಉಳಿಸುತ್ತಾನೆಂದು ತಿಳಿದಿದ್ದರೆ ಅದು ಭ್ರಮೆ ಎಂದರು. ಕೇಸಾದರೆ ಕೋರ್ಟಿಗೆ ಅಲೆಯುವ ವಯಸ್ಸಾ ಇದು ಎಂದರು. ಜಾಗ ತಮ್ಮದಾದರೆ ಮನೆಯನ್ನು ಕೀಳಿಸುವುದಿಲ್ಲ ಎಂದೂ ಹೇಳಿದರು. ಹೇಳುವಾಗ ಅವರ ಕಣ್ಣು ಮನೆಯನ್ನು ದಾಟಿ, ಕಪ್ಪು ಪಟ್ಟಿಯ ತುದಿಯ ಒರತೆಯ ಕಡೆಗಿತ್ತು. ದ್ಯಾವಮ್ಮ ಆ ನೋಟವನ್ನು ನೋಡಿದಳು.

"ನಾಳೆ ಕಳಸಕ್ಕೆ ಹೋಗ್ತೀನಿ," ಎಂದಳು. "ನಾನೇ ಹಚ್ಚಿದ್ದು, ಯಾರೂ ಹೇಳಿಲ್ಲ, ನನ್ ಮನೆಗೋಸ್ಕರ ಹಚ್ಚಿದ್ದು ಅಂತೀನಿ. ಅದ್ಕೆ ಎಂತ ಶಿಕ್ಷೆ ಉಂಟೋ ಕೊಡ್ಲಿ."

"ಹಟ ಮಾಡ್ಬೇಡ. ನಿನ್ನ ಹತ್ರ ಎಂದೂ ಏನೂ ಕೇಳಿದೋನಲ್ಲ ನಾನು." ಭಟ್ಟರು ಕಾಗದವನ್ನು ಅವಳ ಕಡೆಗೆ ಸರಿಸಿ, ಪ್ಯಾಡಿನ ಮುಚ್ಚಳ ತೆಗೆದರು. ದನಿ ಇಳಿಸಿ, ತಂದೆಯವರು ಓದುವಾಗ ಮುನ್ನುಡಿಗೆ ತರುತ್ತಿದ್ದ ಮೆತ್ತನೆಯ ದನಿಯಲ್ಲಿ ಹೇಳಿದರು: "ಇಪ್ಪತ್ತು ವರ್ಷ ನಮ್ಮಪ್ಪನ ಪದ್ಯ ಕೇಳಿದೀಯ. ಅವ್ರ ಮುಖ ನೋಡಿ ಒಂದು ಹೆಬ್ಬೆಟ್ಟು ಒತ್ತು."

ದ್ಯಾವಮ್ಮ ಪ್ಯಾಡನ್ನು ನೋಡಿದಳು. ಅದು ಪಟ್ಟಿಯಷ್ಟೇ ಕಪ್ಪಗಿತ್ತು. ಒಳಗೆ ಒಲೆಯ ಮೇಲೆ ಗಂಜಿ ಕುದಿಯುವ ಸದ್ದು ಕೇಳುತ್ತಿತ್ತು.

"ಅವ್ರ ಮುಖ ನೆಪ್ಪಿರಾದ್ಕೇ ಒತ್ತಾದಿಲ್ಲ," ಎಂದಳು. "ನಿಮ್ಗೂ ಒತ್ತಾದಿಲ್ಲ, ಗೌಡ್ರಿಗೂ ಒತ್ತಾದಿಲ್ಲ. ಎದ್ದೇಳಿ ಅಯ್ಯಾ, ನಾನು ಜಗ್ಲಿ ಸಾರ್ಸ್‌ಬೇಕು."