ಪೆದ್ದನ ಮೊದಲ ಗುಟುಕು

ಇರ್ಮಾ ಬಿದೆಗಾಯಿನ್ ಎಂಬಾಕೆಯ ಎಡಗೈ ನೆಟ್ಟಗಾದದ್ದನ್ನು ಆ ಅಕ್ಟೋಬರಿನವರೆಗೆ ಉರುಗ್ವಾಯ್ ದೇಶದ ಪೈಸಾಂದೂ ಊರಿನಲ್ಲಿ ಕಂಡವರಿರಲಿಲ್ಲ. ನಲವತ್ತು ವರ್ಷ ಬಿಸಿನೀರಿನ ಥರ್ಮಾಸನ್ನು ಕಂಕುಳಲ್ಲಿ ಅವುಚಿ, ಅದೇ ಕೈಯಲ್ಲಿ ಮಾತೆಯ ಸೋರೆಬುರುಡೆಯನ್ನು ಹಿಡಿದು ನಡೆದು ನಡೆದು, ಇಗರ್ಜಿಯಲ್ಲಿ ಬರಿಗೈಯಲ್ಲಿ ಮೊಣಕಾಲೂರಿದಾಗಲೂ ಆ ತೋಳು ಇಲ್ಲದ ಥರ್ಮಾಸನ್ನು ಭಕ್ತಿಯಿಂದ ತಬ್ಬಿಕೊಂಡೇ ಇರುತ್ತಿತ್ತು. ಮಾತೆ ಎಂದೊಡನೆ ಕೈಮುಗಿಯಬೇಡಿ. ಅದು ಕಹಿಸೊಪ್ಪಿನ ಕಷಾಯ, ಒಂದೇ ಬುರುಡೆಯಿಂದ ಎಲ್ಲರೂ ಸರದಿಯಾಗಿ ಹೀರುವಂಥದು. ಮೈಮೇಲೆ ರೈಲ್ವೆಯಲ್ಲಿದ್ದ ಅಪ್ಪನ ಕೋಟು. ಅದಕ್ಕೆ ಒಂಬತ್ತು ಜೇಬು, ಒಂದೊಂದರಲ್ಲಿ ಒಂದೊಂದೇ ವಸ್ತು. ಕನ್ನಡಕದ ಜೇಬಿನಲ್ಲಿ ಕರವಸ್ತ್ರ ಸಿಕ್ಕರೆ ಆ ದಿನ ನದಿ ಕಚೇರಿಯಲ್ಲಿ ಜೊತೆಗೆ ದುಡಿಯುವ ನಾವು ಯಾರೂ ಆಕೆಯ ತಂಟೆಗೆ ಹೋಗುತ್ತಿರಲಿಲ್ಲ.

ಆಕೆಯ ಬಾಯಿಗೆ ಅಂಟಿದ ಪ್ರಶ್ನೆಯೊಂದಿತ್ತು: "ಅದಕ್ಕೂ ಮುಂಚೆ?" ತಂಗಿಯ ಮಗಳು ಮದುವೆಯ ದಿನ ನಾಚುತ್ತ, ತಾನೂ ಹುಡುಗನೂ ಮೊದಲು ಭೇಟಿಯಾದದ್ದು ಕುಣಿತದ ಅಂಗಳದಲ್ಲಿ ಎಂದರೆ, ಇರ್ಮಾ ತಟ್ಟೆಯಿಂದ ತಲೆಯೆತ್ತಿ "ಅದಕ್ಕೂ ಮುಂಚೆ?" ಎಂದು ಕೇಳಿ, ಹಳೆಯ ಪ್ರೇಮಿಯೊಬ್ಬನ ಹೆಸರನ್ನು ಇಡೀ ಪಂಕ್ತಿಯೆದುರು ಹೊರಗೆಳೆದಿದ್ದಳು. ಕಸುಬೇ ಹಾಗೆ. ನದಿ ಕಚೇರಿಯ ಪುಟ್ಟ ಯಂತ್ರಗಳಿಗಾಗಿ ಹದಿನಾರು ವರ್ಷದಿಂದ ಒಬ್ಬಳೇ ಸಾಕಿ ಬೆಳೆಸಿದ, ಎಲ್ಲ ಪ್ರೋಗ್ರಾಮುಗಳೂ ಆತುಕೊಳ್ಳುವ ಸಿ ಭಾಷೆಯ ಲೈಬ್ರರಿಯಲ್ಲಿ ಆಕೆಗೆ ಪ್ರಾಣಪ್ರಿಯವಾದದ್ದು, ಪ್ರೋಗ್ರಾಮಿನ ಮೊದಲ ಸಾಲಿಗೂ ಮೊದಲು ಓಡುವ ನೂರಿಪ್ಪತ್ತು ಸಾಲು. ಪ್ರೋಗ್ರಾಮಿನೊಳಗೆ ಏಕಕಾಲಕ್ಕೆ ಹರಿಯುವ ಕೆಲಸದ ಎಳೆಗಳು ಹಲವು. ಒಂದರ ಸ್ವತ್ತಿಗೆ ಇನ್ನೊಂದು ಕೈಹಾಕದಂತೆ ಎಳೆಗೊಂದು ಸ್ವಂತ ಜೇಬು ಬೇಕು. ಮೊದಲ ಎಳೆಯ ಜೇಬನ್ನು ಹೊಲಿದುಕೊಡುವುದೇ ಆ ಸಾಲುಗಳ ಕಾಯಕ. ಅವನ್ನು ಓದುವವರೇ ಇಲ್ಲ, ಇನ್ನು ಹೊಗಳುವ ಮಾತೆಲ್ಲಿ?

ಆ ಅಕ್ಟೋಬರಿನಲ್ಲಿ ಉರುಗ್ವಾಯ್ ನದಿ ಕೆಂಪಾಗಿ ಉಬ್ಬಿ ಗಂಟೆಗೆ ಎರಡು ಬೆರಳು ಏರತೊಡಗಿತು. ನೀರಿನ ಮಟ್ಟ ನೋಡಿ ಸೈರನ್ ಕೂಗಿಸಬೇಕಾದ ಹನ್ನೆರಡು ಪೆಟ್ಟಿಗೆಗಳು ಇನ್ನಷ್ಟು ಭದ್ರವಾಗಿರಲೆಂದು ಎಂಜಿನಿಯರ್ ವಿಲ್ಮಾರ್ ಅಂದು ಬೆಳಿಗ್ಗೆ ಹೊಸ ಪ್ರೋಗ್ರಾಮು ತುಂಬಿದ್ದ. ಹನ್ನೆರಡೂ ಎದ್ದೇಳುವ ಮುನ್ನವೇ ಸತ್ತುಬೀಳುತ್ತಿದ್ದವು. ಹಳೆಯ ಪ್ರೋಗ್ರಾಮಿಗೆ ಮರಳೋಣವೆಂದರೆ ಹೊಸದಾಗಿ ನೆಟ್ಟ ಅಳತೆಗೋಲುಗಳಿಗೆ ಅದು ಒಗ್ಗದು. ದಂಡೆಯ ಕೆಳಗೇರಿಯಲ್ಲಿ ಮುನ್ನೂರು ಮನೆ. ನದಿ ವರ್ಷವರ್ಷವೂ ಹೆದರಿಸಿ ಹಿಂದಿರುಗುವುದನ್ನು ಕಂಡ ಆ ಜನ ಸೈರನ್ ಕೇಳದೆ ಕದಲುವವರಲ್ಲ.

"ನನ್ನ ಮೊದಲ ಸಾಲಲ್ಲೇ 'ಎದ್ದೆ' ಅಂತ ಬರೆಯೋಕೆ ಹೇಳಿದೀನಿ, ದೋನ್ಯಾ ಇರ್ಮಾ. ಅದೂ ಬರ್ತಿಲ್ಲ. ನಿಮ್ಮ ಮುದಿ ಲೈಬ್ರರೀನ ಕಿತ್ತು ಬೇರೆ ಹಾಕೋಣ," ಎಂದ ವಿಲ್ಮಾರ್, ಹಿರಿಯ ಹೆಂಗಸಿಗೆ ಸಲ್ಲುವ 'ದೋನ್ಯಾ' ಎಂಬ ಮರ್ಯಾದೆಯನ್ನು ಮಾತ್ರ ಮರೆಯದೆ.

"ಹಾಕು ಮಗಾ, ಆ ಪುಟ್ಟ ಪೆಟ್ಟಿಗೇಲಿ ಹಿಡಿಸೋದಾದ್ರೆ ಎತ್ತನ್ನೂ ಹಾಕು. ಮೊದಲ ಸಾಲಿಂದು ಬಿಡು. ಅದಕ್ಕೂ ಮುಂಚೆ?"

"ಅದಕ್ಕೂ ಮುಂಚೆ ಇರೋದು ನೀವೇ!"

"ಹೌದಪ್ಪ, ನಾನೇ. ನಿನ್ನೆ ತನಕ ಚೆನ್ನಾಗೇ ಇದ್ನಲ್ಲ? ಏನು ಬದಲಾಯಿಸ್ದೆ?"

ವಿಲ್ಮಾರ್ ತಲೆ ಕೆರೆದುಕೊಂಡ. "ಕಾವಲು ಹಾಕ್ದೆ, ಅಷ್ಟೆ. ಎಲ್ಲಾ ಕಡತಕ್ಕೂ, ನಿಮ್ಮ ಲೈಬ್ರರೀದೂ ಸೇರಿ. ಒಳ್ಳೇದಕ್ಕೇ."

ಕಾವಲೆಂದರೆ, ಪ್ರತಿಯೊಂದು ಕೆಲಸವೂ ಆರಂಭದಲ್ಲಿ ಜೇಬಿನೊಳಗಿನ ಗುಪ್ತಸಂಖ್ಯೆಯನ್ನು ನೋಡಿಕೊಂಡು, ನಡುವೆ ಏನೂ ಕೆಟ್ಟಿಲ್ಲವೆಂದು ಮುಗಿಸುವಾಗ ಮತ್ತೆ ತಾಳೆ ನೋಡುವ ಏರ್ಪಾಡು. ಇರ್ಮಾ ಯೋಚಿಸುತ್ತ ಕೋಟಿನ ಒಂಬತ್ತು ಜೇಬನ್ನೂ ಒಂದೊಂದಾಗಿ ಮುಟ್ಟಿಕೊಂಡಳು. ಹತ್ತನೆಯದಕ್ಕೆ ತಡಕಿದ ಕೈ ಬರಿಯ ಬಟ್ಟೆಯ ಮೇಲೆ ನಿಂತಿತು, ಆಕೆ ನಕ್ಕೇಬಿಟ್ಟಳು.

"ಅಯ್ಯೋ ಬೆಪ್ಪೇ! ಜೇಬು ಹೊಲಿಯೋ ದರ್ಜಿಗೂ ಕಾವಲು ಹಾಕಿದೀಯಲ್ಲೋ! ಅವನು ಸೂಜಿ ಹಿಡಿಯೋಕ್ಮುಂಚೆ, ಇನ್ನೂ ಹೊಲಿಯದೇ ಇರೋ ಜೇಬಿಗೆ ಕೈಹಾಕಿ ಸಾಯ್ತಿದಾನೆ."

"ಹಾಗಾದ್ರೆ ಅವನನ್ನ ಕಾಯೋರು ಯಾರು?"

"ಯಾರೂ ಇಲ್ಲ. ಮೊದಲು ಬರೋನು ತಾನೇ ಹುಷಾರಾಗಿರ್ಬೇಕು."

ಆ ಒಂದು ಕಡತಕ್ಕೆ ಮಾತ್ರ ಕಾವಲು ಬೇಡವೆಂದು ಒಂದೇ ಸಾಲು ಬರೆದು, ತನ್ನ ನೂರಿಪ್ಪತ್ತು ಸಾಲನ್ನು ಬೆರಳಿಟ್ಟು ಮೂರು ಸಲ ಓದಿ, ಕಳಿಸಿದಳು. ಮಧ್ಯಾಹ್ನ ಮೂರಕ್ಕೆ ಮೊದಲ ಪೆಟ್ಟಿಗೆ "ಎದ್ದೆ" ಎಂದಿತು. ಮೂರೂ ಹತ್ತಕ್ಕೆ ಹನ್ನೆರಡೂ ಎದ್ದವು. ಮೂರೂಕಾಲಿಗೆ ದಂಡೆಯುದ್ದಕ್ಕೂ ಸೈರನ್ ಮೊಳಗಿತು. ಹಾಸಿಗೆ, ನಾಯಿ, ಅಜ್ಜಿ, ಫ್ರಿಜ್ಜು ಎಲ್ಲವನ್ನೂ ಹೊತ್ತು ಕೆಳಗೇರಿ ದಿಬ್ಬ ಹತ್ತಿತು. ಸಂಜೆ ನೀರು ಅಡುಗೆಮನೆಗಳಿಗೆ ನುಗ್ಗಿದಾಗ ಅಲ್ಲಿ ಒಂದು ಕೋಳಿಯೂ ಇರಲಿಲ್ಲ. ಗೆದ್ದೆವು! ಮೇಜು ಗುದ್ದಿ ಗುದ್ದಿ ಕುಣಿದೆವು. ಅಂಥ ಆನಂದ ಆ ಕಚೇರಿಗೆ ಮತ್ತೆ ಬಂದಿಲ್ಲ.

ಇರ್ಮಾ ಎಂದಿನಂತೆ ಮಾತೆ ಹದಮಾಡಲು ಕುಳಿತಳು. ಮೊದಲ ಬುರುಡೆ ಬಲು ಕಹಿ, ಬಾಯಿಗೆಲ್ಲ ಪುಡಿ. ಅದನ್ನು ಕುಡಿಯುವುದು ಸುರಿಯುವವರ ಪಾಲು, ಅದಕ್ಕೇ ಅದರ ಹೆಸರು ಪೆದ್ದನ ಗುಟುಕು. ನಲವತ್ತು ವರ್ಷವೂ ಅದು ಆಕೆಯದೇ. ಎರಡನೆಯದನ್ನು ವಿಲ್ಮಾರನಿಗೆ ಕೊಟ್ಟಳು. ಆತ ಕಣ್ಣಲ್ಲಿ ನೀರು ತುಂಬಿಕೊಂಡು ಬುರುಡೆ ಮರಳಿಸುತ್ತ, "ಗ್ರಾಸಿಯಾಸ್, ದೋನ್ಯಾ" ಎಂದುಬಿಟ್ಟ. ಬೇರೆಲ್ಲ ಕಡೆ ಅದು ವಂದನೆಯ ಮಾತು. ಮಾತೆಯ ಸುತ್ತಿನಲ್ಲಿ ಮಾತ್ರ ಅದಕ್ಕೆ ಒಂದೇ ಅರ್ಥ, ನನಗಿನ್ನು ಸಾಕು. ಇರ್ಮಾ ಮುಂದಿನ ಸುತ್ತಿನಲ್ಲಿ ಆತನನ್ನು ದಾಟಿ ಪಕ್ಕದವನಿಗೆ ಕೊಟ್ಟಳು.

"ದೋನ್ಯಾ, ನಾನು ಪೆಟ್ಟಿಗೆ ವಿಷಯಕ್ಕೆ ಅಂದಿದ್ದು!"

"ಸಾಕು ಅಂದ್ಯಲ್ಲ ಮಗಾ? ಬಾಯಿಂದ ಬಂದಾಯ್ತು, ನಾಳೆ ನೋಡೋಣ."

ಮರುದಿನ ಆಕೆ ಬರುವಷ್ಟರಲ್ಲಿ ವಿಲ್ಮಾರ್ ತಾನೇ ಮಾತೆ ಸಿದ್ಧಮಾಡಿ, ಮೊದಲ ಕಹಿಯನ್ನು ಮುಖ ಕಿವುಚಿಕೊಂಡು ಹೀರಿ ಮುಗಿಸಿ, ಎರಡನೆಯದನ್ನು ಮಾತಿಲ್ಲದೆ ಆಕೆಯ ಮುಂದೆ ಹಿಡಿದ. ಇರ್ಮಾ ಥರ್ಮಾಸನ್ನು ಮೇಜಿನ ಮೇಲಿಟ್ಟಳು. ಬುರುಡೆಗೆಂದು ಆಕೆ ಚಾಚಿದ್ದು ಎಡಗೈ. ಅದು ನೆಟ್ಟಗಿದ್ದುದನ್ನು ನಾವೆಲ್ಲ ಕಂಡೆವು.

ಯಾವ ಕಾರ್ಯಕ್ಕಾದರೂ ಮೊದಲ ಸಾಲಿಗೆ ಮುಂಚಿನದೊಂದು ಸಾಲಿರುತ್ತದೆ. ಅದನ್ನು ಬರೆಯುವವರು ತಮಗೆ ಕಾವಲಿಲ್ಲದೆ ದುಡಿದು, ಕಹಿಯನ್ನು ತಾವು ನುಂಗಿ, ಹದವಾದದ್ದನ್ನು ನಮ್ಮ ಕೈಗೆ ದಾಟಿಸುತ್ತಾರೆ. ಇಂಥವರಿಗೆ ವಂದನೆ ಹೇಳಹೋದರೆ ಸಾಕೆಂದ ಹಾಗಾಗುತ್ತದೆ. ಒಂದು ದಿನವಾದರೂ ಅವರಿಗಿಂತ ಮುಂಚೆ ಬಂದು ಆ ಪೆದ್ದನ ಗುಟುಕನ್ನು ನಾವು ಕುಡಿಯಬೇಕು.